ಓವರ್ ಅಂದ್ರೆ ಮುಗಿಯಿತು ಅಂದುಕೊಂಡಿದ್ದೆ

ಬಳ್ಳಾರಿಯ ಕೌಲ್‌ಬಜಾರ್ ಕಡೆ ಒಂದು ಸಣ್ಣ ಜೀನ್ಸ್ ಘಟಕದಲ್ಲಿ ನಾನು ಕಟಿಂಗ್ ನೋಡಿಕೊಳ್ಳುತ್ತೇನೆ. ಹತ್ತನೇ ಕ್ಲಾಸಿನವರೆಗೂ ಓದಿದ್ದು ಕನ್ನಡ ಮೀಡಿಯಂ. ಹೊರಗಿನ ಗಿರಾಕಿಗಳ ಇಂಗ್ಲಿಷ್ ಮೆಸೇಜ್ ಓದುವ ಕೆಲಸ ಹೇಗೋ ನನ್ನ ಕೊರಳಿಗೆ ಬಿತ್ತು.

ಒಮ್ಮೆ ಸ್ಯಾಂಪಲ್ ಫೋಟೋ ಕಳಿಸಿದ್ದೆ. 'ಪ್ಲೀಸ್ ಸ್ಟಾರ್ಟ್ ಓವರ್' ಅಂತ ಉತ್ತರ ಬಂತು. ಸ್ಟಾರ್ಟ್ ಅಂದ್ರೆ ಶುರು. ಓವರ್? ಮ್ಯಾಚ್ ಓವರ್, ಗೇಮ್ ಓವರ್. ಮುಗಿಯಿತು, ಅಲ್ವಾ? ಸ್ಯಾಂಪಲ್ ಮುಗಿಯಿತು, ಮಾಲು ಶುರು ಮಾಡಿ ಅಂತ ತಿಳಿದು 40 ಪೀಸಿನ ಬಟ್ಟೆ ಕತ್ತರಿಸಿಬಿಟ್ಟೆ. ಅವರು ಹೇಳಿದ್ದು, ಇದು ಬೇಡ, ಮೊದಲಿಂದ ಮಾಡಿ ಅಂತ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ ಡೆನಿಮ್ ಅಂಟಿಸೋಕೆ ಆಗುತ್ತಾ? ಮಾಲೀಕರು ಸುಮ್ನೆ ರಾಶಿ ನೋಡುತ್ತಾ ನಿಂತರು. ಬೈದಿದ್ದರೇ ಚೆನ್ನಾಗಿತ್ತು.

ಇಲ್ಲಿ ಓವರ್ ಅಂದರೆ 'ಇನ್ನೊಂದು ಸಲ'. ಈ ಮಾತು ಅಮೆರಿಕದವರಲ್ಲಿ ಜಾಸ್ತಿ. ಬ್ರಿಟಿಷರು ಸಾಮಾನ್ಯವಾಗಿ ಸ್ಟಾರ್ಟ್ ಅಗೇನ್ ಅನ್ನುತ್ತಾರೆ. ಹಾಗಂತ ಎಲ್ಲ ಕಡೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಇದು ನನ್ನ ತಲೆಗೆ ಹತ್ತಿದ್ದು ಶೆಡ್ಡಿನಲ್ಲೇ. ಕರೆಂಟ್ ಹೋಗಿ ಮಷಿನ್ ನಿಂತವು. ಬಂದ ಮೇಲೆ ಟೈಲರ್‌ಗಳು ಅರ್ಧ ಹೊಲಿದ ಕಾಲನ್ನು ಅಲ್ಲಿಂದಲೇ ಮುಂದುವರಿಸಿದರು. ಮಷಿನ್ ಸ್ಟಾರ್ಟ್ ಅಗೇನ್ ಆಯಿತು, ಅಷ್ಟೇ. ನಾನೋ ಬಂಡಲ್ ಎಣಿಸುತ್ತಿದ್ದೆ. 37ಕ್ಕೋ 38ಕ್ಕೋ ಯಾರೋ ಮಾತಾಡಿಸಿದರು. ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು. ಅದು ಸ್ಟಾರ್ಟ್ ಓವರ್. ನಿಂತ ಮಳೆ ಮತ್ತೆ ಹಿಡಿದರೆ ಈ ಮಾತು ಹೊಂದುವುದಿಲ್ಲ. ಮಾಡಿದ್ದನ್ನು ಬದಿಗಿಟ್ಟು ಮೊದಲಿಗೆ ಹೋದಾಗ ಮಾತ್ರ ಹೊಂದುತ್ತದೆ.

ಈಗ ನಾನೇ ಬರೆಯುತ್ತೇನೆ: 'ವೀ ಸ್ಟಾರ್ಟೆಡ್ ಓವರ್ ವಿತ್ ಎ ನ್ಯೂ ಪ್ಯಾಟರ್ನ್.' ಇಟ್ ಸೇರಿಸುವುದಿದ್ದರೆ ನಡುವೆ ಹಾಕಬೇಕು, ಸ್ಟಾರ್ಟ್ ಇಟ್ ಓವರ್. ಕೊನೆಗೆ ಹಾಕಿದರೆ ತಪ್ಪು. ಒತ್ತಿ ಹೇಳೋಕೆ 'ಸ್ಟಾರ್ಟ್ ಆಲ್ ಓವರ್ ಅಗೇನ್' ಅಂತಲೂ ಉಂಟು. ಗಿರಾಕಿಗೆ ನಾನು ಅದನ್ನು ಕಳಿಸುವುದಿಲ್ಲ, ಗೊಣಗಿದ ಹಾಗೆ ಕೇಳಿಸುತ್ತದೆ.

ಅಂಥ ಮೆಸೇಜ್ ಬಂದರೆ ಕತ್ತರಿ ಎತ್ತುವ ಮುಂಚೆ ಒಂದು ಪ್ರಶ್ನೆ ವಾಪಸ್ ಕೇಳುತ್ತೇನೆ: ಪ್ಯಾಟರ್ನ್‌ನಿಂದಲೋ, ಹೊಲಿಗೆಯಿಂದಲೋ? ಯಾವ ಮೊದಲಿಂದ ಅನ್ನೋದನ್ನು ಆ ಎರಡು ಪದ ಹೇಳುವುದೇ ಇಲ್ಲ.