ಸೋರುವ ಹಾಯಿದೋಣಿ ಕಿಟಕಿ: ಬಿಗಿದರೆ ಸಾಲದು, ಬಿಚ್ಚಿ ಕೂರಿಸಬೇಕು

ಹಾಯಿದೋಣಿಯ ಕ್ಯಾಬಿನ್ ಬದಿಗಳಲ್ಲಿ ಕೂರಿಸಿರುವ, ತೆರೆಯಲು ಬಾರದ ಸ್ಥಿರ ಕಿಟಕಿಗಳು ಸೋರತೊಡಗಿದರೆ ಹೆಚ್ಚಿನವರು ಸುತ್ತಲಿನ ಸ್ಕ್ರೂಗಳನ್ನು ಇನ್ನೊಂದು ಸುತ್ತು ಬಿಗಿಯುತ್ತಾರೆ, ಇಲ್ಲವೇ ಹೊರ ಅಂಚಿಗೆ ಸಿಲಿಕೋನ್ ಬಳಿದು ಸುಮ್ಮನಾಗುತ್ತಾರೆ. ಎರಡರಿಂದಲೂ ಸ್ವಲ್ಪ ಕಾಲ ನೀರು ನಿಂತಂತೆ ಕಾಣುವುದು ನಿಜ. ಆದರೆ ಬಿಗಿಯುವುದರಿಂದ ಸೋರಿಕೆಯ ಮೂಲ ಕಾರಣವೇ ಹೆಚ್ಚುತ್ತದೆ. ಬಳಿಯುವುದರಿಂದ ಮುಂದಿನ ದುರಸ್ತಿ ಕಷ್ಟವಾಗುತ್ತದೆ.

ಈ ಕಿಟಕಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಹಾಳೆ. ಒಂದು ಮೀಟರ್ ಉದ್ದದ ಅಕ್ರಿಲಿಕ್ ಹಾಳೆಯ ತಾಪಮಾನ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಹೊತ್ತಿರುವ ಫೈಬರ್‌ಗ್ಲಾಸ್ ಗೋಡೆ ಅದರ ಅರ್ಧದಷ್ಟೂ ಹಿಗ್ಗುವುದಿಲ್ಲ. ಗಾಢ ಬಣ್ಣದ ಹಾಳೆ ಬಿಸಿಲಿಗೆ ಇನ್ನೂ ಹೆಚ್ಚು ಕಾಯುತ್ತದೆ. ಇದರ ಮೇಲೆ, ಗಾಳಿಯ ಒತ್ತಡಕ್ಕೆ ದೋಣಿ ವಾಲಿ ಸಾಗುವಾಗ ಕ್ಯಾಬಿನ್ ಗೋಡೆಯೇ ತುಸು ತಿರುಚಿಕೊಳ್ಳುತ್ತದೆ. ಹಾಳೆಗೂ ಗೋಡೆಗೂ ನಡುವೆ ಕಾಗದದಷ್ಟು ತೆಳುವಾಗಿ ಹಿಂಡಿಹೋದ ಸೀಲಂಟ್ (ನೀರು ನುಸುಳದಂತೆ ಸಂದು ಮುಚ್ಚುವ ರಬ್ಬರಿನಂಥ ಅಂಟು) ಈ ಎಳೆದಾಟವನ್ನು ತಾಳಲಾರದೆ ಕಿತ್ತುಬರುತ್ತದೆ. ಅದೇ ಸೀಲಂಟ್ 3 ಮಿಲಿಮೀಟರ್ ದಪ್ಪವಿದ್ದರೆ ಹಾಳೆಯ ಜೊತೆ ಹಿಗ್ಗಿ ಕುಗ್ಗುತ್ತದೆ. ಈ 3 ಮಿಲಿಮೀಟರ್ ಸಂದನ್ನು ಉಳಿಸಿಕೊಳ್ಳುವುದೇ ಇಲ್ಲಿನ ಅಸಲಿ ಕೆಲಸ.

ಸೋರುವ ಜಾಗ ಯಾವುದು?

ಒಳಗೆ ನೀರು ತೊಟ್ಟಿಕ್ಕುವ ಜಾಗವೇ ನೀರು ಒಳಬಂದ ಜಾಗ ಎಂದು ನಂಬಬಾರದು. ಒಳ ಹೊದಿಕೆಯ ಹಿಂದೆ ಹರಿದು ಎಲ್ಲೋ ದೂರದಲ್ಲಿ ಹೊರಬರುವುದು ನೀರಿನ ಸ್ವಭಾವ. ಕಿಟಕಿಯ ಒಳ ಅಂಚಿನ ಸುತ್ತ ಟಾಲ್ಕಂ ಪೌಡರ್ ತೆಳುವಾಗಿ ಸವರಿ, ಹೊರಗಿನಿಂದ ಪೈಪ್‌ನಲ್ಲಿ ಸಣ್ಣಗೆ ನೀರು ಬಿಡಬೇಕು. ಕೆಳ ಅಂಚಿನಿಂದ ಆರಂಭಿಸಿ, ಪ್ರತಿ ಹಂತದಲ್ಲೂ ಕೆಲವು ನಿಮಿಷ ಕಾದು, ನಿಧಾನವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯದು. ನೀರು ನುಸುಳಿದ ಕಡೆ ಪೌಡರ್‌ನಲ್ಲಿ ಸಣ್ಣ ಗೆರೆ ಮೂಡುತ್ತದೆ.

ಬಿಚ್ಚುವುದು, ತೆಗೆಯುವುದು

ಸ್ಕ್ರೂಗಳನ್ನು ತೆಗೆದ ಮೇಲೆ ತೆಳುವಾದ ಪುಟ್ಟಿ ಅಲಗನ್ನು ಅಂಚಿನೊಳಗೆ ತೂರಿಸಿ, ಹಳೆಯ ಸೀಲಂಟನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಒಂದೇ ಮೂಲೆಯಿಂದ ಮೀಟಿದರೆ ಹಾಳೆ ಸೀಳುತ್ತದೆ, ಇಲ್ಲವೇ ಫೈಬರ್‌ಗ್ಲಾಸ್ ಮೇಲಿನ ಹೊಳಪಿನ ಹೊರಪದರವಾದ ಜೆಲ್‌ಕೋಟ್ ಚಕ್ಕೆ ಏಳುತ್ತದೆ. ಹಾಳೆ ಹಳತಾಗಿ ಮಬ್ಬಾಗಿದ್ದರೂ ಒಡೆಯದೆ ತೆಗೆಯುವುದು ಲೇಸು, ಹೊಸದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಪಡಿ ಸಿಗದು.

ಹಳೆಯ ಸಿಲಿಕೋನ್‌ನ ಪಳೆಯುಳಿಕೆ ಇದ್ದರೆ ಅದರ ಮೇಲೆ ಬಣ್ಣವಾಗಲಿ, ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳವಾಗಲಿ, ಹೊಸ ಸಿಲಿಕೋನೇ ಆಗಲಿ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮೊದಲು ಅಲಗಿನಿಂದ ಕೆರೆದು, ಆಮೇಲೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಕು. ಬೇಸರದ ಕೆಲಸ ಹೌದು, ಆದರೆ ಅರ್ಧ ದಿನ ಇದಕ್ಕೇ ಹೋದರೂ ನಷ್ಟವಿಲ್ಲ.

ಕಿಂಡಿಯ ಅಂಚನ್ನು ಈ ಹಂತದಲ್ಲಿ ಬೆರಳಿಟ್ಟು ಪರೀಕ್ಷಿಸಬೇಕು. ಅನೇಕ ದೋಣಿಗಳ ಕ್ಯಾಬಿನ್ ಗೋಡೆ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಮಾಡಿದ್ದು. ಆ ಮರ ಕಪ್ಪಾಗಿ, ಒತ್ತಿದರೆ ನೀರು ಜಿನುಗುವಷ್ಟು ಮೆತ್ತಗಿದ್ದರೆ ಕೊಳೆತ ಭಾಗವನ್ನೆಲ್ಲ ಕೆದಕಿ ತೆಗೆದು, ಪೂರ್ತಿ ಒಣಗಲು ಬಿಟ್ಟು, ಪುಡಿ ಬೆರೆಸಿ ಗಟ್ಟಿಯಾಗಿಸಿದ ಎಪಾಕ್ಸಿಯನ್ನು ತುಂಬಬೇಕು. ಮರ ಚೆನ್ನಾಗಿದ್ದರೂ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗಿನವರೆಗೆ ಕೆತ್ತಿ ಎಪಾಕ್ಸಿ ತುಂಬುವುದು ಜಾಣತನ. ಮುಂದೆಂದಾದರೂ ನೀರು ನುಗ್ಗಿದರೆ ಅದು ಮರವನ್ನು ಮುಟ್ಟುವುದಿಲ್ಲ.

ಹೊಸ ಹಾಳೆ

ಪಾಲಿಕಾರ್ಬೊನೇಟ್ ಪೆಟ್ಟು ಬಿದ್ದರೂ ಜಗ್ಗದು, ಆದರೆ ಬೇಗ ಗೀರು ಬಿದ್ದು ಬಿಸಿಲಿಗೆ ಹಳದಿಯಾಗುತ್ತದೆ. ಬಿಸಿಲನ್ನು ಹೆಚ್ಚು ಕಾಲ ತಾಳುವುದು ಅಕ್ರಿಲಿಕ್. ಮಾಮೂಲಿ ಬಳಕೆಗೆ ನನ್ನ ಆಯ್ಕೆ ಅದೇ. ಯಾವುದಾದರೂ ದಪ್ಪ ಮಾತ್ರ ಹಳೆಯದಕ್ಕಿಂತ ಕಡಿಮೆ ಇರಬಾರದು. 5 ಮಿಲಿಮೀಟರ್ ಬೋಲ್ಟ್‌ಗೆ 8 ಮಿಲಿಮೀಟರ್ ತೂತು ಕೊರೆದರೆ ಹಾಳೆಗೆ ಎಲ್ಲ ದಿಕ್ಕಿಗೂ ಸರಿಯಲು ಜಾಗ ಸಿಗುತ್ತದೆ. ತಲೆ ಹುದುಗುವ ಇಳಿಜಾರು ಸ್ಕ್ರೂ ಬೇಡವೇ ಬೇಡ, ಅದು ಬೆಣೆಯಂತೆ ಒತ್ತಿ ತೂತಿನಿಂದಲೇ ಬಿರುಕು ಹುಟ್ಟಿಸುತ್ತದೆ. ಚಪ್ಪಟೆ ತಳದ ತಲೆ ಮತ್ತು ಅಗಲ ವಾಷರ್ ಬಳಸಬೇಕು. ಅಕ್ರಿಲಿಕ್‌ಗೆ ಅಸಿಟೋನ್, ಆಲ್ಕೋಹಾಲ್, ಅಮೋನಿಯ ಇರುವ ಗಾಜು ಶುಚಿಕಾರಕ ಇವುಗಳನ್ನು ಸೋಕಿಸಬಾರದು. ಕೂದಲೆಳೆಯಂಥ ಬಿರುಕುಗಳು ಹಬ್ಬುತ್ತವೆ. ಸೌಮ್ಯ ಸಾಬೂನು ನೀರು ಸಾಕು.

ಸೀಲಂಟ್ ಮತ್ತು ಜೋಡಣೆ

ಪಾಲಿಸಲ್ಫೈಡ್ ಸೀಲಂಟ್ ಈ ಪ್ಲಾಸ್ಟಿಕ್‌ಗಳನ್ನು ಹಾಳುಮಾಡುತ್ತದೆ. ಡೌ 795ರಂಥ ಕಟ್ಟಡದ ಗಾಜು ಕೂರಿಸುವ ಸಿಲಿಕೋನ್, ಅಥವಾ ಪ್ರೈಮರ್ (ಅಂಟು ಹಿಡಿಯಲು ಮೊದಲು ಬಳಿಯುವ ದ್ರವ) ಸಮೇತ ಸಿಕಾಫ್ಲೆಕ್ಸ್ 295 ಯುವಿ ಎಂಬ ಅಂಟು ಇಲ್ಲಿ ಹೊಂದುತ್ತವೆ. ಹಾಳೆ ಪಾರದರ್ಶಕವಾದ್ದರಿಂದ ಬಿಸಿಲು ಅದರೊಳಗಿಂದ ಹಾದು ಅಂಟಿನ ಮೇಲೇ ಬೀಳುತ್ತದೆ ಎಂಬುದನ್ನು ಮರೆಯಬಾರದು. ಸಿಕಾಫ್ಲೆಕ್ಸ್ ಬಳಸುವವರು ತಯಾರಕರು ಹೇಳಿದ ಕಪ್ಪು ಪ್ರೈಮರ್ ಅಥವಾ ಅಂಚಿನ ಮುಚ್ಚಿಕೆಯನ್ನು ಬಿಡಬಾರದು.

ಮೊದಲು ಸೀಲಂಟ್ ಇಲ್ಲದೆ ಒಮ್ಮೆ ಕೂರಿಸಿ ನೋಡಿ, ಹಾಳೆಯ ಮೇಲೂ ಗೋಡೆಯ ಮೇಲೂ ಅಂಚಿಗೆ ಸರಿಯಾಗಿ ಮಾಸ್ಕಿಂಗ್ ಟೇಪ್ ಹಚ್ಚಬೇಕು. ಕಿಂಡಿಯ ಸುತ್ತ ಅಲ್ಲಲ್ಲಿ 3 ಮಿಲಿಮೀಟರ್ ದಪ್ಪದ ಪುಟ್ಟ ರಬ್ಬರ್ ತುಂಡುಗಳನ್ನು ಅಂಟಿಸಿ, ಉಳಿದ ಜಾಗಕ್ಕೆಲ್ಲ ಸೀಲಂಟನ್ನು ಎಲ್ಲೂ ಕಡಿಯದಂತೆ ಒಂದೇ ಧಾರೆಯಾಗಿ, ಬೇಕಾದುದಕ್ಕಿಂತ ಹೆಚ್ಚೇ ಹಾಕಬೇಕು. ಬೋಲ್ಟ್ ತೂತುಗಳಲ್ಲೂ ತುಂಬಬೇಕು. ಹಾಳೆಯನ್ನು ನೇರವಾಗಿ ಒತ್ತಿ, ಸೀಲಂಟ್ ಸುತ್ತಲೂ ಹೊರಗೆ ಉಬ್ಬಿ ಬರುವಂತೆ ಮಾಡಿ, ಬೋಲ್ಟ್‌ಗಳನ್ನು ರಬ್ಬರ್ ತುಂಡು ಮುಟ್ಟುವವರೆಗೆ ಮಾತ್ರ ತಿರುಗಿಸಬೇಕು. ಇನ್ನೊಂದು ಅರ್ಧ ಸುತ್ತು ಬಿಗಿಯೋಣ ಎಂಬ ಆಸೆಯನ್ನು ಇಲ್ಲಿ ಹತ್ತಿಕ್ಕಲೇಬೇಕು. ಉಬ್ಬಿದ್ದನ್ನು ಸವರಿ, ಸೀಲಂಟ್ ಹಸಿಯಿರುವಾಗಲೇ ಟೇಪ್ ಕೀಳಬೇಕು.

ಇಂಥ ಸೀಲಂಟ್ ಗಾಳಿಯ ತೇವದಿಂದ ಅಂಚಿನಿಂದ ಒಳಕ್ಕೆ ಗಟ್ಟಿಯಾಗುತ್ತ ಹೋಗುವುದರಿಂದ, ಹೊರಗೆ ಒಣಗಿದಂತಿದ್ದರೂ ಒಳಗೆ ಹಸಿಯಿರುತ್ತದೆ. ಡಬ್ಬಿಯ ಮೇಲೆ ನಮೂದಿಸಿದ ಅವಧಿ ಮುಗಿಯುವವರೆಗೆ ದೋಣಿಯನ್ನು ಹಾಯಿ ಬಿಚ್ಚಿ ಓಡಿಸಬಾರದು. ಆಮೇಲೆ ಮೊದಲಿನಂತೆಯೇ ಪೌಡರ್ ಸವರಿ, ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ನೋಡಬೇಕು. ಕಿಟಕಿಯ ಸುತ್ತ ಗೆರೆ ಮೂಡದೆಯೂ ಒಳಗೆ ತೊಟ್ಟಿಕ್ಕುತ್ತಿದ್ದರೆ, ಅದರ ಮೇಲಿರುವ ಕೈಹಿಡಿಯ ಬೋಲ್ಟ್‌ಗಳನ್ನೂ ಡೆಕ್‌ನ ಇತರ ಜೋಡಣೆಗಳನ್ನೂ ಒಂದೊಂದಾಗಿ ಅದೇ ರೀತಿ ಪರೀಕ್ಷಿಸಬೇಕು.