ಪಂಪಿನ ಬೀಡು ಕೇಸಿಂಗ್ ಸೀಳಿದಾಗ: ತಣ್ಣಗೆ ವೆಲ್ಡ್ ಮಾಡುವ ನನ್ನ ಕ್ರಮ

ಬೀಡು ಕಬ್ಬಿಣಕ್ಕೆ (ಕಾಸ್ಟ್ ಐರನ್) ವೆಲ್ಡ್ ಹಾಕಿದ ಮೇಲೆ ಹೊಸ ಬಿರುಕು ಸಾಮಾನ್ಯವಾಗಿ ಏಳುವುದು ವೆಲ್ಡಿನ ಪಕ್ಕದಲ್ಲಿ, ಒಂದೆರಡು ಮಿ.ಮೀ. ಆಚೆ. ಬೀಡಿನಲ್ಲಿ ಇಂಗಾಲ ಶೇ. 3ರ ಆಸುಪಾಸು. ಆರ್ಕ್ (ವೆಲ್ಡಿಂಗ್ ರಾಡಿನ ತುದಿಯ ವಿದ್ಯುತ್ ಜ್ವಾಲೆ) ತಗುಲಿ ಕಾದು ಥಟ್ಟನೆ ಆರಿದ ಅಂಚು ಗಾಜಿನಂತೆ ಪೆಡಸಾಗುತ್ತದೆ. ವೆಲ್ಡ್ ಆರಿ ಕುಗ್ಗುವಾಗ ಎಳೆತ ಬೀಳುವುದೂ ಅಲ್ಲೇ. ಉಕ್ಕಾದರೆ ಸ್ವಲ್ಪ ಜಗ್ಗಿಕೊಡುತ್ತದೆ, ಬೀಡು ಜಗ್ಗುವುದಿಲ್ಲ, ಸೀಳುತ್ತದೆ.

ನೀರೆತ್ತುವ ಪಂಪುಗಳ ಕೇಸಿಂಗ್ (ಹೊರಕವಚ) ಹೆಚ್ಚಾಗಿ ಸೀಳುವುದು ಫ್ಲ್ಯಾಂಜ್ ಬುಡದಲ್ಲಿ, ಅಂದರೆ ಪೈಪನ್ನು ಬೋಲ್ಟ್ ಹಾಕಿ ಕೂಡಿಸುವ ಅಗಲ ಅಂಚಿನ ಬುಡದಲ್ಲಿ. ಪೈಪಿನ ಭಾರಕ್ಕೆ ಆಸರೆ ಇಲ್ಲದಿರುವುದು, ಬೋಲ್ಟನ್ನು ಒಂದೇ ಕಡೆ ಬಿಗಿದಿರುವುದು ಇದಕ್ಕೆ ಕಾರಣ. ಬಿರುಕು ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿದರೆ ಗೆರೆ ಒದ್ದೆಯಾಗಿ ಮೂಡುತ್ತದೆ. ಗೆರೆಯ ಎರಡೂ ತುದಿಗೆ 3–4 ಮಿ.ಮೀ. ತೂತು ಕೊರೆಯುತ್ತೇನೆ. ಇದನ್ನು ಬಿಟ್ಟರೆ ವೆಲ್ಡ್ ಹಾಕುತ್ತಿರುವಾಗಲೇ ಬಿರುಕು ಮುಂದಕ್ಕೆ ಓಡುತ್ತದೆ.

ಆಮೇಲೆ ಬಿರುಕಿನುದ್ದಕ್ಕೂ 60–70 ಡಿಗ್ರಿಯ 'ವಿ' ಆಕಾರದ ತೋಡು. ಗ್ರೈಂಡರ್ ಉಜ್ಜಿದ ಮೈಮೇಲೆ ಬೀಡಿನೊಳಗಿನ ಗ್ರಾಫೈಟ್ (ಇಂಗಾಲ) ಮೆತ್ತಿಕೊಳ್ಳುತ್ತದೆ, ಅದಕ್ಕೆ ಕೊನೆಯಲ್ಲಿ ಅರ (ಫೈಲ್) ಹಾಕುತ್ತೇನೆ. ಹಳೆಯ ಬೀಡು ಎಣ್ಣೆ ಕುಡಿದಿರುತ್ತದೆ. ಗ್ಯಾಸ್ ಟಾರ್ಚಿನಿಂದ ಸುತ್ತಲೂ ನಿಧಾನವಾಗಿ ಕಾಯಿಸಿ, ಹೊಗೆ ನಿಂತ ಮೇಲೆ ಆರಲು ಬಿಡಬೇಕು. ಆದರೂ ಮೊದಲ ಪದರದಲ್ಲಿ ಗುಳ್ಳೆ ಬಂದರೆ ಅದನ್ನು ಪೂರ್ತಿ ಕೆತ್ತಿ ತೆಗೆದೇ ಮುಂದಿನದು.

ವೆಲ್ಡಿಂಗ್ ರಾಡ್ ನಿಕಲ್‌ನದೇ ಇರಲಿ. ದುಬಾರಿ ಹೌದು, ಆದರೆ ಮಾಮೂಲಿ ಎಂ.ಎಸ್. (ಮೆದು ಉಕ್ಕು) ರಾಡಿನ ವೆಲ್ಡ್ ಬೀಡಿನ ಇಂಗಾಲ ಹೀರಿ ಫೈಲ್ ಕೂಡ ಹತ್ತದಷ್ಟು ಗಟ್ಟಿಯಾಗುತ್ತದೆ. 2.5 ಮಿ.ಮೀ. ರಾಡಿಗೆ 60–75 ಆಂಪ್ ಸಾಕು. ಒಂದು ಸಲಕ್ಕೆ 25 ಮಿ.ಮೀ. ಉದ್ದ ಮಾತ್ರ, ರಾಡನ್ನು ಅಕ್ಕಪಕ್ಕ ಆಡಿಸದೆ ನೇರವಾಗಿ. ತುದಿಯ ಕುಳಿ ತುಂಬಿಸಿ ಆರ್ಕ್ ಬಿಡಬೇಕು. ಬಿಟ್ಟ ಕೂಡಲೇ, ವೆಲ್ಡ್ ಇನ್ನೂ ಬಿಸಿ ಇರುವಾಗ, ಗುಂಡುತಲೆಯ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು. ಮೈ ತುಂಬ ಚುಕ್ಕೆ ಬೀಳುವಷ್ಟು ಸಾಕು, ಜಜ್ಜಬಾರದು. ಕುಗ್ಗುವ ಲೋಹವನ್ನು ಹೀಗೆ ಹರಡಿಕೊಟ್ಟರೆ ಎಳೆತ ಸಡಿಲವಾಗುತ್ತದೆ. ಇಡೀ ಕೆಲಸ ನಿಂತಿರುವುದು ಈ ಪೆಟ್ಟುಗಳ ಮೇಲೆ; ಆತುರದಲ್ಲಿ ಎಲ್ಲರೂ ಬಿಡುವುದೂ ಇದನ್ನೇ.

ಮುಂದಿನ ತುಂಡು ಬಿರುಕಿನ ಇನ್ನೊಂದು ತುದಿಗೆ, ಅದೂ ಮೊದಲನೆಯದರ ಪಕ್ಕ ಬರಿಗೈ ಇಟ್ಟು ತಡೆಯುವಂತಾದ ಮೇಲೆ. ನೀರು ಚಿಮುಕಿಸುವುದಾಗಲಿ ಫ್ಯಾನ್ ಹಾಕುವುದಾಗಲಿ ಬೇಡ.

ದಪ್ಪ ಬ್ರಾಕೆಟ್, ಗೇರ್ ಹಲ್ಲುಗಳಿಗೆ ಕೆಲವರು ಕಾಯಿಸಿ ಬೆಸೆಯುತ್ತಾರೆ. ಆಗ ಇಡೀ ಭಾಗ ಒಂದೇ ಸಮ ಕಾಯಬೇಕು, ಕೆಲಸ ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತು ಮರುದಿನ ತೆಗೆಯಬೇಕು. ಒಂದು ಮೂಲೆಯನ್ನಷ್ಟೇ ಕೆಂಪಗೆ ಕಾಯಿಸಿದರೆ ಬಿರುಕು ಎದುರು ಮೂಲೆಯಲ್ಲಿ ಬರುತ್ತದೆ. ತಣ್ಣಗೆ ಮಾಡುವುದಾದರೆ ಕೊನೆಯವರೆಗೂ ತಣ್ಣಗೆ, ಬಿಸಿಯಾದರೆ ಪೂರ್ತಿ ಬಿಸಿ.

ಕೇಸಿಂಗ್ ಆರಿದ ಮೇಲೆ ಒಳಗಿನಿಂದ ಸೀಮೆಎಣ್ಣೆ ಸವರಿ ಹೊರಗೆ ಸೀಮೆಸುಣ್ಣ ಹಚ್ಚಿ ನೋಡುತ್ತೇನೆ. ಸೂಜಿಮೊನೆಯಷ್ಟು ಜಿನುಗಿದರೆ ಮತ್ತೆ ಆರ್ಕ್ ಹಚ್ಚುವುದಿಲ್ಲ. ಸುತ್ತಿಗೆಯಿಂದ ಮುಚ್ಚಿ, ಶುಚಿ ಮಾಡಿ, ಮೇಲೆ ಎಪಾಕ್ಸಿ ಅಂಟು ಹಚ್ಚುತ್ತೇನೆ. ಫ್ಲ್ಯಾಂಜ್ ಮುಖ ಸೊಟ್ಟಗಾಗಿದೆಯೇ ಎಂದು ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ನೋಡಿಯೇ ಬೋಲ್ಟ್ ಹಾಕಬೇಕು.