ಉಪ್ಪು ಎಷ್ಟಿದ್ದರೆ ಮರಿ ಹೊರಬರುತ್ತದೆ? ಎಣಿಸಿ ನೋಡಿ

ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಆರ್ಟೀಮಿಯ ಪ್ರಯೋಗ ಹೀಗಿರುತ್ತದೆ: ಐದು ಲೋಟ, ಐದು ಬಗೆಯ ಉಪ್ಪುನೀರು, ಒಂದೊಂದಕ್ಕೂ ಒಂದು ಚಿಟಿಕೆ ಮೊಟ್ಟೆ. ಮರುದಿನ ಚಾರ್ಟಿನ ಮೇಲೆ ‘ಜಾಸ್ತಿ’, ‘ಮಧ್ಯಮ’, ‘ಕಡಿಮೆ’. ಚಿಟಿಕೆಯಲ್ಲಿ ಎಷ್ಟು ಮೊಟ್ಟೆ ಇದ್ದವು ಅಂತ ಕೇಳಿದರೆ ಮಕ್ಕಳು ಟೀಚರ್ ಮುಖ ನೋಡುತ್ತಾರೆ. ಒಂದು ಗ್ರಾಂನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಮೊಟ್ಟೆ ಹಿಡಿಯುತ್ತವೆ. ಹೀಗಿರುವಾಗ ನಿಮ್ಮ ಚಿಟಿಕೆ, ನಿಮ್ಮ ಗೆಳೆಯನ ಚಿಟಿಕೆ ಒಂದೇ ಆಗಲು ಸಾಧ್ಯವೇ ಇಲ್ಲ. ಈ ಪ್ರಯೋಗದಲ್ಲಿ ಎಣಿಕೆಯೇ ಮುಖ್ಯ, ಉಳಿದದ್ದೆಲ್ಲ ಸುಲಭ.

ಆರ್ಟೀಮಿಯ ಅಂದರೆ ಉಪ್ಪುಕೆರೆಗಳಲ್ಲಿ, ಉಪ್ಪಿನ ಗದ್ದೆಗಳಲ್ಲಿ ಬದುಕುವ ಸಣ್ಣ ಸೀಗಡಿಯಂಥ ಪ್ರಾಣಿ. ಅಂಗಡಿಯಲ್ಲಿ ‘ಬ್ರೈನ್ ಶ್ರಿಂಪ್ ಮೊಟ್ಟೆ’ ಅಂತ ಕೇಳಿದರೆ ಸಿಗುತ್ತದೆ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಇದಕ್ಕೆ ಹೆಸರುವಾಸಿ. ಒಂದೊಂದು ಮೊಟ್ಟೆ ಸುಮಾರು ಕಾಲು ಮಿಲಿಮೀಟರ್. ಒಣಗಿದ್ದಾಗ ವರ್ಷಗಟ್ಟಲೆ ಸುಮ್ನೆ ಇರುತ್ತದೆ, ನೀರು ತಾಗಿದರೆ ಎಚ್ಚರಗೊಳ್ಳುತ್ತದೆ.

ಹಂತ 1: ಮೊಟ್ಟೆ ಕೊಳ್ಳುವುದು. ಮೊಹರು ಒಡೆಯದ ಸಣ್ಣ ಡಬ್ಬಿ ತೆಗೆದುಕೊಳ್ಳಿ. ದೊಡ್ಡ ಡಬ್ಬಿಯಿಂದ ಚಮಚದಲ್ಲಿ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಡುವ ಮಾಲು ಬೇಡವೇ ಬೇಡ, ಅದು ಆಗಲೇ ತೇವ ಕುಡಿದಿರುತ್ತದೆ. ಚಿಪ್ಪು ತೆಗೆದ ಮೊಟ್ಟೆ ಅಂತ ಒಂದು ಸಿಗುತ್ತದೆ. ಒಣಗಿಸಿ ಮಾರುವ ಅದು ಸಾಮಾನ್ಯವಾಗಿ ಮೀನಿನ ಆಹಾರ, ಮರಿ ಬರುವುದಿಲ್ಲ. ಉಪ್ಪು ಸೇರಿಸಿಯೇ ಬರುವ ರೆಡಿ ಪ್ಯಾಕೆಟ್ಟೂ ಇದೆ. ನಾವು ಅಳೆಯುವುದೇ ಉಪ್ಪನ್ನು, ಅದು ಯಾಕೆ ಬೇಕು?

ಹಂತ 2: ನೀರು. ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ, ಕ್ಲೋರಿನ್ ಹೋಗುತ್ತದೆ. 3 ಲೀಟರ್ ನೀರಿಗೆ 3 ಗ್ರಾಂ ಅಡುಗೆ ಸೋಡಾ ಕರಗಿಸಿ. ನೀರು ಸ್ವಲ್ಪ ಕ್ಷಾರೀಯವಾಗಿದ್ದರೆ ಮೊಟ್ಟೆಗೆ ಒಳ್ಳೆಯದು. ಸೋಡಾ ಮೊದಲು, ಉಪ್ಪು ಆಮೇಲೆ. ಗಟ್ಟಿ ಉಪ್ಪುನೀರಿಗೆ ಸೋಡಾ ಹಾಕಿ ಆಮೇಲೆ ಬರೀ ನೀರು ಬೆರೆಸಿ ತೆಳು ಮಾಡಿದರೆ ಸೋಡಾವೂ ತೆಳುವಾಗುತ್ತದೆ. ಆಗ ಬದಲಾದದ್ದು ಒಂದಲ್ಲ, ಎರಡು.

ಈಗ 70 ಗ್ರಾಂ ಉಪ್ಪನ್ನು ತೂಕ ಮಾಡಿ. ಚಮಚದ ಲೆಕ್ಕ ಬೇಡ, ಕಲ್ಲುಪ್ಪಿನ ಚಮಚಕ್ಕೂ ಪುಡಿ ಉಪ್ಪಿನ ಚಮಚಕ್ಕೂ ತೂಕ ಬೇರೆ. ನನ್ನ ಮಟ್ಟಿಗೆ ಕಲ್ಲುಪ್ಪೇ ವಾಸಿ. ಪುಡಿ ಉಪ್ಪು ಗಂಟು ಕಟ್ಟದಿರಲೆಂದು ಹಾಕುವ ಪದಾರ್ಥ ನೀರನ್ನು ಮಬ್ಬು ಮಾಡುತ್ತದೆ. ಕಲ್ಲುಪ್ಪನ್ನು ಬಿಸಿಲಲ್ಲಿ ಒಣಗಿಸಿಯೇ ತೂಗಿ. ಸೋಡಾ ನೀರು ಹಾಕಿ ಒಟ್ಟು 1 ಲೀಟರ್ ಮಾಡಿ. ಅದರಲ್ಲಿ ಅರ್ಧ ತೆಗೆದು ಅಷ್ಟೇ ಸೋಡಾ ನೀರು ಬೆರೆಸಿದರೆ ಲೀಟರಿಗೆ 35 ಗ್ರಾಂ, ಹೆಚ್ಚುಕಮ್ಮಿ ಸಮುದ್ರದ ನೀರು. ಹೀಗೇ ಅರ್ಧರ್ಧ ಮಾಡುತ್ತಾ ಹೋದರೆ 17.5, 8.75. ಐದನೆಯದು ಬರೀ ಸೋಡಾ ನೀರು.

ಹಂತ 3: ಮೊಟ್ಟೆ ಅಂಟಿಸುವುದು. ಎಲ್ಲರೂ ಎಡವುವ ಜಾಗ ಇದು, ನಿಧಾನವಾಗಿ ಮಾಡಿ.

ಹೋಟೆಲಿನವರು ಚಟ್ನಿ ಪಾರ್ಸಲ್ ಕೊಡುವ ಮುಚ್ಚಳದ ಪಾರದರ್ಶಕ ಡಬ್ಬಿ, ಹೊಸದು, 15 ತನ್ನಿ. ಒಂದೊಂದು ಉಪ್ಪಿಗೂ ಮೂರು. ಬಳಸಿದ ಡಬ್ಬಿ ಎಷ್ಟು ತೊಳೆದರೂ ಎಣ್ಣೆ ಬಿಡುವುದಿಲ್ಲ. ಹೆಸರನ್ನು ಡಬ್ಬಿಯ ಪಕ್ಕಕ್ಕೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾದ ದಿನ ಪ್ರಯೋಗವೂ ಮುಗಿದಂತೆ.

ಡಬ್ಬಿಯ ತಳಕ್ಕೆ ಬೆರಳುಗುರಿನಷ್ಟು ಡಬಲ್ ಟೇಪ್ ಅಂಟಿಸಿ, ಮೇಲಿನ ಕಾಗದ ಬಿಡಿಸಿ. ಒಣಗಿದ ಸಣ್ಣ ಪೇಂಟಿಂಗ್ ಬ್ರಷ್ಷಿನ ತುದಿಯನ್ನು ಮೊಟ್ಟೆಗೆ ತಾಗಿಸಿ, ಡಬ್ಬಿಯ ಹೊರಗೆ ಒಮ್ಮೆ ಕೊಡವಿ. ಬ್ರಷ್ಷಿನಲ್ಲಿ ಏನೂ ಉಳಿದಿಲ್ಲ ಅನ್ನಿಸುತ್ತದೆ, ಆದರೂ ಉಳಿದಿರುತ್ತದೆ. ಅದನ್ನು ಟೇಪಿಗೆ ಮೆಲ್ಲಗೆ ತಟ್ಟಿ. 30ರಿಂದ 50 ಮೊಟ್ಟೆ ಸಾಕು. ಗುಂಪು ಕಟ್ಟಿ ಒಂದರ ಮೇಲೊಂದು ಕೂತಿದ್ದರೆ ಟೇಪ್ ಕಿತ್ತು ಹೊಸದು ಹಾಕಿ. ಹೇಗೋ ಎಣಿಸಿದರಾಯ್ತು ಅನ್ನಬೇಡಿ, ಎಣಿಸಲು ಆಗುವುದಿಲ್ಲ.

ಡಬ್ಬಿಯ ಕೆಳಗೆ ಬಿಳಿ ಹಾಳೆ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಒಣ ಮೊಟ್ಟೆ ಒಂದು ಕಡೆ ಗುಳಿಬಿದ್ದ ಕಂದು ಚುಕ್ಕೆ. ಕಣ್ಣಲ್ಲೇ ಎಣಿಸಬೇಡಿ. ಮೊಬೈಲ್ ಕ್ಯಾಮೆರಾಗೆ ಭೂತಗನ್ನಡಿ ಹಿಡಿದು ಫೋಟೋ ತೆಗೆದು, ಅದರ ಮೇಲೆ ಒಂದೊಂದಕ್ಕೂ ಗುರುತು ಹಾಕುತ್ತಾ ಎಣಿಸಿ. ಸಂಖ್ಯೆಯನ್ನು ಆಗಲೇ ಬರೆದುಬಿಡಿ. ನೀರು ಹಾಕುವುದು ಆಮೇಲೆ.

ಹಂತ 4: ಒಂದೂವರೆ ಸೆಂಟಿಮೀಟರ್ ನೀರು ಹಾಕಿ. ಮುಚ್ಚಳವನ್ನು ಸಡಿಲವಾಗಿ ಮುಚ್ಚಿ, ಇಲ್ಲದಿದ್ದರೆ ನೀರು ಆವಿಯಾಗಿ ಉಪ್ಪು ಏರುತ್ತದೆ. ಇಷ್ಟು ತೆಳು ನೀರಿಗೆ ಏರ್ ಪಂಪ್ ಬೇಡ.

ಹಂತ 5: ಎಲ್ಲವನ್ನೂ ಒಂದೇ ಟ್ಯೂಬ್‌ಲೈಟಿನ ಕೆಳಗೆ ಇಡಿ. ನೆನೆದ ಮೊದಲ ಕೆಲವು ಗಂಟೆ ಬೆಳಕು ಬೇಕೇ ಬೇಕು. ಒಂದೇ ಉಪ್ಪಿನ ಮೂರೂ ಡಬ್ಬಿ ಒಂದೇ ಮೂಲೆಗೆ ಬೇಡ, ಕಲಸಿ ಇಡಿ. 25ರಿಂದ 28 ಡಿಗ್ರಿ ಇದ್ದರೆ ಒಂದು ದಿನದಲ್ಲೇ ಮರಿ ಕಾಣುತ್ತದೆ, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ತಡ. ಉಪ್ಪಿನ ಬದಲು ಉಷ್ಣಾಂಶವನ್ನೇ ಪರೀಕ್ಷಿಸುತ್ತೇನೆ ಅನ್ನುವವರಿಗೆ ನನ್ನ ಸಲಹೆ: ಬೇಡ. ಮನೆಯಲ್ಲಿ 24 ಗಂಟೆ ಒಂದೇ ಉಷ್ಣಾಂಶ ಕಾಯುವುದು ಆಗದ ಕೆಲಸ. ಫ್ರಿಜ್ಜಿನೊಳಗೆ ಒಂದು, ಫ್ರಿಜ್ಜಿನ ಮೇಲೆ ಒಂದು ಇಟ್ಟರೆ ಬೆಳಕೂ ಬದಲಾಯ್ತು ಅಲ್ವಾ?

ಹಂತ 6: 24 ಗಂಟೆಗೆ ಒಮ್ಮೆ, 48 ಗಂಟೆಗೆ ಒಮ್ಮೆ ಎಣಿಕೆ. ಮರಿ ಕಿತ್ತಳೆ ಬಣ್ಣ, ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ತಲೆಯಲ್ಲಿ ಒಂದೇ ಕಣ್ಣು, ತಡೆತಡೆದು ಈಜುತ್ತದೆ. ಕೋಣೆಯ ದೀಪ ಆರಿಸಿ ಡಬ್ಬಿಯ ಒಂದು ಪಕ್ಕಕ್ಕೆ ಟಾರ್ಚ್ ಹಿಡಿದರೆ ಎಲ್ಲ ಅಲ್ಲಿಗೇ ಬರುತ್ತವೆ. ಡ್ರಾಪರಿನಲ್ಲಿ ಒಂದೊಂದಾಗಿ ಹೀರಿ ಎಣಿಸುತ್ತಾ ಬೇರೆ ಡಬ್ಬಿಗೆ ಬಿಡಿ. ಕೆಲವು ಚಿಪ್ಪು ಒಡೆದು ಪೊರೆಯೊಳಗೇ ನೇತಾಡುತ್ತಿರುತ್ತವೆ. ಅವನ್ನು ಮರಿ ಅಂತ ಸೇರಿಸಬೇಡಿ, ಬೇರೆ ಕಾಲಂ ಮಾಡಿ. ಎರಡನೇ ದಿನ ಸಿಕ್ಕ ಮರಿಗಳನ್ನು ಮೊದಲ ದಿನದ ಲೆಕ್ಕಕ್ಕೆ ಕೂಡಿಸಿ. 40 ಮೊಟ್ಟೆಗೆ 26 ಮರಿಯಾದರೆ ಶೇ 65. ಮೂರು ಡಬ್ಬಿಯ ಸಂಖ್ಯೆಗಳನ್ನೂ ಬರೆಯಿರಿ, ಸರಾಸರಿ ಒಂದನ್ನೇ ಅಲ್ಲ.

ಸಮುದ್ರದಷ್ಟು ಉಪ್ಪಿನಲ್ಲೇ ಜಾಸ್ತಿ ಮರಿ ಬರಬೇಕು ಅಂದುಕೊಂಡು ಲೆಕ್ಕ ತಿದ್ದಬೇಡಿ. ಮೊಟ್ಟೆಯೊಳಗೆ ಟ್ರೆಹಲೋಸ್ ಎಂಬ ಸಕ್ಕರೆ ಇದೆ. ನೆನೆದ ಮೇಲೆ ಅದರ ಒಂದು ಪಾಲು ಗ್ಲಿಸರಾಲ್ ಆಗಿ ನೀರನ್ನು ಒಳಗೆಳೆಯುತ್ತದೆ, ಒತ್ತಡ ಏರಿ ಚಿಪ್ಪು ಬಿರಿಯುತ್ತದೆ. ಹೊರಗೆ ಉಪ್ಪು ಹೆಚ್ಚಿದ್ದಷ್ಟೂ ಗ್ಲಿಸರಾಲ್ ಜಾಸ್ತಿ ಬೇಕು. ಹಾಗಾಗಿ ತೆಳು ಉಪ್ಪಿನಲ್ಲಿ ಮರಿ ಬೇಗ ಬರಬಹುದು, 70ರಲ್ಲಿ ತಡವಾಗಬಹುದು, ಕಡಿಮೆಯೂ ಆಗಬಹುದು. ಉಪ್ಪಿಲ್ಲದ ಡಬ್ಬಿಯಲ್ಲೂ ಕೆಲವು ಒಡೆದಾವು, ಆದರೆ ಆ ಮರಿಗಳು ಹೆಚ್ಚು ಹೊತ್ತು ಬದುಕವು.

ಮುಗಿದ ಮೇಲೆ ಮರಿಗಳನ್ನು ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಅದ್ದಿ, ಗಪ್ಪಿ ಮೀನಿಗೆ ಹಾಕಿ. ಕೆರೆಗೆ ಸುರಿಯಬೇಡಿ. ಉಳಿದ ಒಣ ಮೊಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಮತ್ತೆ ತೆಗೆದಾಗ ಡಬ್ಬಿಯ ತಣುಪು ಪೂರ್ತಿ ಇಳಿಯುವವರೆಗೆ ಮುಚ್ಚಳ ತೆಗೆಯಬೇಡಿ, ಒಳಗೆ ಪಸೆ ಕೂರುತ್ತದೆ.